ಜಾಲಹಳ್ಳಿಯ ಗಿರಾಕಿಗಳು

ಚಂದಾಪುರ
12 ಜನವರಿ 2014

ಚನ್ನಬಸಮ್ಮ ಅಕ್ಕಾರಿಗೆ ಯಮನೂರನ ನಮಸ್ಕಾರ.

ನಿಮ್ಮ ಮನೆಯ ಹಿಂದಿನ ರೂಮು ಖಾಲಿ ಮಾಡಿ ಬಂದು ಹನ್ನೊಂದು ತಿಂಗಳಾಯಿತು. ಹೋಗಿ ಮುಟ್ಟಿದ ಕೂಡಲೇ ಬರೆಯುತ್ತೇನೆ ಎಂದಿದ್ದವನು ಈಗ ಬರೆಯುತ್ತಿದ್ದೇನೆ. ಬೈಯಿರಿ, ಆದರೆ ಓದಿ ಬೈಯಿರಿ. ಫೋನು ಮಾಡಿದರೆ ನಿಮಗೆ ಕೇಳಿಸುವುದಿಲ್ಲ. ಮೆಸೇಜು ಕಳಿಸಿದರೆ ನಿಮ್ಮ ಫೋನಿನಲ್ಲಿ ಕನ್ನಡವೆಲ್ಲ ಚೌಕ ಚೌಕ ಡಬ್ಬಿಗಳಾಗಿ ಕಾಣುತ್ತದೆ. ಹಾಗಾಗಿ ಕಾಗದವೇ ಗತಿ.

ಬೊಮ್ಮಸಂದ್ರದಲ್ಲಿ ರಟ್ಟಿನ ಡಬ್ಬಿಗೆ ಅಚ್ಚು ಹಾಕುವ ಕೆಲಸ ಹಾಗೇ ನಡೆದಿದೆ. ಇನ್ನೂ ಕಾಂಟ್ರಾಕ್ಟೇ. ರೂಮಿನಲ್ಲಿ ನಾನು, ನಮ್ಮ ಕುಷ್ಟಗಿ ಕಡೆಯ ರೇವಣಸಿದ್ದ ಇಬ್ಬರು. ಅವನದು ಗಾರೆ ಕೆಲಸ.

ಹೊಸ ಸುದ್ದಿ ಎಂದರೆ, ಹಳೆಯದೊಂದು ಕಂಪ್ಯೂಟರ್ ತಗೊಂಡು ಡಿಸೈನು ಮಾಡಲು ಶುರು ಮಾಡಿದ್ದೇನೆ. ಚಿತ್ರ ಬರೆದು ಒಂದು ವೆಬ್‌ಸೈಟಿಗೆ ಹಾಕುವುದು, ಅದರ ಹೆಸರು ಕಾಗದದ ಹಿಂದೆ ಬರೆದಿದ್ದೇನೆ. ಯಾರಾದರೂ ಕೊಂಡರೆ ಆಗ ಅವರು ಒಂದೇ ಒಂದು ಟೀ ಶರ್ಟಿಗೋ ಮಗ್ಗಿಗೋ ಅದನ್ನು ಅಚ್ಚು ಹಾಕಿ ಕಳಿಸುತ್ತಾರೆ. ಸಾವಿರ ಮಾಡಿಟ್ಟು ಕೊಳೆಸುವ ತಾಪತ್ರಯವಿಲ್ಲ. ಆದರೆ ಗಿರಾಕಿ ಯಾರು ಎಂದು ಮೊದಲೇ ಗೊತ್ತಿರಬೇಕಂತೆ. ಎಲ್ಲರಿಗೂ ಎಂದು ಮಾಡಿದ್ದು ಯಾರಿಗೂ ಅಲ್ಲವಂತೆ. ನಾನು ಎಲೆಕ್ಟ್ರಾನಿಕ್ ಸಿಟಿಯ ಹುಡುಗರನ್ನು ಗುರಿ ಇಟ್ಟು 'ಸೋಮವಾರ ಯಾಕೆ ಬರುತ್ತೆ?' ಎಂದು ಆರು ಬಣ್ಣದಲ್ಲಿ ಮಾಡಿದೆ. ಒಂದೂ ಹೋಗಲಿಲ್ಲ. ರೇವಣಸಿದ್ದ ಅಂದ, "ಲೇ, ಸೋಮವಾರ ಅಂದ್ರ ಹೊಟ್ಟಿ ತೊಳಸ್ತೈತಿ, ಅದನ್ನ ಎದಿ ಮ್ಯಾಲೆ ಯಾವನ್ ಹಾಕ್ಕೊಂತಾನಲೇ?"

ಬೇಜಾರಾಗಿ, ನಿಮ್ಮ ಮನೆಯಲ್ಲಿದ್ದಾಗ ದಿನವೂ ಕೇಳುತ್ತಿದ್ದ ಫ್ಯಾಕ್ಟರಿ ಸೈರನ್ ನೆನೆದು ಒಂದು ಮಗ್ ಮಾಡಿದ್ದೇನೆ. ಸೈರನ್ ಕಂಬದ ಚಿತ್ರ, ಕೆಳಗೆ 'ಮೊದಲ ಪಾಳಿ ಮುಗಿಯಿತು'. ಅದಕ್ಕೂ ಗಿರಾಕಿ ಇಲ್ಲ. ನೀವು ಹೇಗಿದ್ದೀರಿ?

ಯಮನೂರ

ಜಾಲಹಳ್ಳಿ
21 ಜನವರಿ 2014

ಯಮನೂರ,

ಬೈದಾಯಿತು. ಈಗ ಉತ್ತರ.

ಸೋಮವಾರ ಬೇಡ ಎನ್ನುವವರು ಕೆಲಸ ಇರುವವರು. ನಾನು ಸ್ವಯಂ ನಿವೃತ್ತಿ ತಗೊಂಡು ಆರು ವರ್ಷ, ನನಗೆ ಸೋಮವಾರವೂ ಒಂದೇ ಶನಿವಾರವೂ ಒಂದೇ. ನಿನ್ನ ರೇವಣಸಿದ್ದ ಹೇಳಿದ್ದು ಸರಿ, ಅವನ ಮಾತು ಕೇಳು.

ಆ ವೆಬ್‌ಸೈಟು ನೋಡಿದೆ. ಕಂಪ್ಯೂಟರ್ ನನಗೂ ಬರುತ್ತದೆ ಎಂಬುದನ್ನು ಮರೆತೆಯೇನು? ಕಡೆಯ ಎರಡು ವರ್ಷ ಫ್ಯಾಕ್ಟರಿಯವರೇ ಕಲಿಸಿದ್ದರು. ಇಂಗ್ಲಿಷಿನಲ್ಲಿ ಇಮೇಲು ಬರೆಯಬಹುದು, ಆದರೆ ರಜೆ ಅರ್ಜಿ ಬರೆದ ಹಾಗಾಗುತ್ತದೆ. ಸೈರನ್ ಕಂಬಕ್ಕೆ ನೀನು ಮೂರು ಕಹಳೆ ಹಾಕಿದ್ದೀಯ, ಇರುವುದು ನಾಲ್ಕು. ಅಕ್ಷರ ಮಾತ್ರ ಚೆನ್ನಾಗಿದೆ, ನೀನು ಬೋರ್ಡು ಬರೆಯುತ್ತಿದ್ದ ಕಾಲದ ಅಕ್ಷರ.

ಇಲ್ಲಿ ಎಲ್ಲ ಸೌಖ್ಯ. ಅಕ್ಕಪಕ್ಕದವರು ಬರುತ್ತ ಹೋಗುತ್ತ ಇರುತ್ತಾರೆ, ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಮತ್ತೆ ಹನ್ನೊಂದು ತಿಂಗಳು ಮಾಡಬೇಡ.

ಚನ್ನಬಸಮ್ಮ

ಚಂದಾಪುರ
9 ಫೆಬ್ರವರಿ 2014

ಅಕ್ಕಾರ,

ಮಗ್ ಹೋಯಿತು! ಒಂದಲ್ಲ, ಎರಡು! ಹತ್ತು ದಿನದ ಹಿಂದೆ ಒಂದು, ನಿನ್ನೆ ಒಂದು. ಗಿರಾಕಿಯ ಹೆಸರು, ವಿಳಾಸ ಅವರು ನಮಗೆ ತೋರಿಸುವುದಿಲ್ಲ. ಪಿನ್‌ಕೋಡ್ ಒಂದೇ ಕಾಣುವುದು, ಅಂಗಿಯಾದರೆ ಅಳತೆಯೂ ಕಾಣುತ್ತದೆ. ಎರಡೂ ಯಾವ ಪಿನ್‌ಕೋಡ್ ಗೊತ್ತೇ? ಜಾಲಹಳ್ಳಿ! ನಿಮ್ಮದೇ!

ಈಗ ನನಗೆ ತಿಳಿಯಿತು. ನಾನು ಟೆಕ್ಕಿ ಹುಡುಗರ ಹಿಂದೆ ಬಿದ್ದು ಹೊತ್ತು ಹಾಳು ಮಾಡಿದೆ. ಅವರಿಗೆ ಅಂಗಿ ಮಾಡಿಕೊಡಲು ಊರೆಲ್ಲ ಇದೆ. ಮೂವತ್ತು ವರ್ಷ ಸೈರನ್ ಕೇಳಿ ಎದ್ದು, ಈಗ ಮನೆಯಲ್ಲಿ ಕೂತಿರುವವರಿಗೆ ಯಾರು ಮಾಡುತ್ತಾರೆ? ಯಾರೂ ಇಲ್ಲ. ಅವರೇ ನನ್ನ ಗಿರಾಕಿಗಳು.

ಅಕ್ಕಾರ, ಒಂದು ಉಪಕಾರ ಮಾಡಬೇಕು. ನಿಮ್ಮ ಮನೆಗೆ ಬರುವವರನ್ನು, ಹಳೆಯ ಸೆಕ್ಷನ್ನಿನವರನ್ನು ಸುಮ್ಮನೆ ವಿಚಾರಿಸಿ. ಅವರಿಗೆ ಏನು ಇಷ್ಟ, ಎಂಥ ಮಾತು ಓದಿದರೆ ನಗು ಬರುತ್ತದೆ, ಮಗ್ ಬೇಕೋ ಅಂಗಿ ಬೇಕೋ. ನನ್ನ ಹೆಸರು ಹೇಳಬೇಡಿ. ಬೆಂಗಳೂರಿಗೆ ಬಂದ ನಾಲ್ಕು ವರ್ಷದಲ್ಲಿ ಇಷ್ಟು ಖುಷಿ ಆದದ್ದು ಇವತ್ತೇ.

ಯಮನೂರ

ಜಾಲಹಳ್ಳಿ
16 ಫೆಬ್ರವರಿ 2014
(ಬರೆದದ್ದು, ಅಂಚೆಗೆ ಹಾಕಿದ್ದಲ್ಲ)

ಯಮನೂರ,

ಆ ಮಗ್ಗು ಕೊಂಡವಳು ನಾನೇ ಕಣೋ. ಮೊದಲನೆಯದು ನಿನಗಾಗಿ ಕೊಂಡೆ. ಅದರಲ್ಲಿ ಕಾಫಿ ಕುಡಿದು ಇಷ್ಟವಾಯಿತು, ಎದುರಿಗೆ ಇನ್ನೊಂದು ಇದ್ದರೆ ಚೆನ್ನ ಎನಿಸಿ ಎರಡನೆಯದು ಕೊಂಡೆ.

ನಮ್ಮ ಮನೆಗೆ ಯಾರೂ ಬರುವುದಿಲ್ಲ. ಪ್ರೆಸ್ ಶಾಪಿನಲ್ಲಿ ಇಪ್ಪತ್ತೆಂಟು ವರ್ಷ ತಗಡು ಕುಟ್ಟುವ ಯಂತ್ರದ ಪಕ್ಕ ನಿಂತದ್ದಕ್ಕೆ, ನೀನು ಇದ್ದಾಗ ಸ್ವಲ್ಪ ಉಳಿದಿದ್ದ ಎಡಗಿವಿಯೂ ಈಗ ಹೋಯಿತು. ಒಂದೇ ಮಾತನ್ನು ಮೂರು ಸಲ ಹೇಳಲು ಯಾರಿಗೆ ಪುರಸೊತ್ತು? ಮೊದಲು ಜನ ಜೋರಾಗಿ ಹೇಳುತ್ತಿದ್ದರು. ಆಮೇಲೆ ಒಂದೆರಡೇ ಮಾತಿನಲ್ಲಿ ಮುಗಿಸಿದರು. ಆಮೇಲೆ ದೂರದಿಂದ ಕೈ ಎತ್ತಿದರು. ನಿನ್ನ ರೂಮು ನೋಡಲು ಬಂದವರೂ ಗೇಟಿನಲ್ಲಿ ಕೂಗಿ ಕೂಗಿ ಹೋದರಂತೆ.

ಇದನ್ನು ಹೇಳಿದರೆ ನಿನ್ನ ಖುಷಿ ಅಲ್ಲಿಗೇ ನಿಲ್ಲುತ್ತದೆ. ಮುಂದಿನ ಕಾಗದವೂ ನಿಲ್ಲುತ್ತದೇನೋ.

ಜಾಲಹಳ್ಳಿ
18 ಫೆಬ್ರವರಿ 2014

ಯಮನೂರ,

ವಿಚಾರಿಸಿದೆ. ನಮ್ಮ ಸೆಕ್ಷನ್ನಿನ ಸೋಮಪ್ಪನವರಿಗೆ ಟೀ ಶರ್ಟು ಇಷ್ಟ, ಆದರೆ ಜೇಬಿಲ್ಲದ ಅಂಗಿ ಹಾಕುವುದಿಲ್ಲವಂತೆ. "ಜೇಬಿಲ್ದೆ ಪೆನ್ ಎಲ್ಲಿಡ್ಲಮ್ಮ, ಬಸ್ ಪಾಸ್ ಎಲ್ಲಿಡ್ಲಿ?" ಎಂದು ನನ್ನ ಮೇಲೇ ರೇಗಿದರು. ಮೂರನೇ ಕ್ರಾಸಿನ ಸುಬ್ಬಲಕ್ಷ್ಮಮ್ಮನಿಗೆ ಅಕ್ಷರ ದೊಡ್ಡದಿರಬೇಕು, ಕನ್ನಡಕ ಹುಡುಕುವ ಮೊದಲೇ ಓದುವ ಹಾಗೆ. ಕ್ಯಾಂಟೀನಿನ ಬುಧವಾರದ ಉಪ್ಪಿಟ್ಟು ನೆನೆಸಿಕೊಂಡು ಇಬ್ಬರೂ ನಕ್ಕರು.

ಇಷ್ಟು ಸಾಕೇ? ಇನ್ನೂ ಬೇಕಾದರೆ ಬರೆ, ಕೇಳಿ ಹೇಳುತ್ತೇನೆ.

ಚನ್ನಬಸಮ್ಮ

ಚಂದಾಪುರ
23 ಮಾರ್ಚ್ 2014

ಅಕ್ಕಾರ,

ಸೋಮಪ್ಪನವರಿಗೆ ನನ್ನ ಸಾಷ್ಟಾಂಗ ನಮಸ್ಕಾರ ಮುಟ್ಟಿಸಿ. ವೆಬ್‌ಸೈಟಿನವರ ಟೀ ಶರ್ಟಿಗೆ ಜೇಬು ಬರುವುದಿಲ್ಲ. ಅದಕ್ಕೆ ನಾನು ಎದೆಯ ಮೇಲೆ ಜೇಬನ್ನೇ ಅಚ್ಚು ಹಾಕಿಸಿದೆ! ಹೊಲಿಗೆ, ಗುಂಡಿ, ಒಳಗಿನಿಂದ ಇಣುಕುವ ಪೆನ್ನು, ಅರ್ಧ ಕಾಣುವ ಬಸ್ ಪಾಸು. ಇದುವರೆಗೆ ಏಳು ಹೋಗಿವೆ. ಒಂದು ಸ್ಮಾಲ್, ಮೂರು ಲಾರ್ಜ್, ಎರಡು ಎಕ್ಸೆಲ್, ಒಂದು ಡಬಲ್ ಎಕ್ಸೆಲ್. ಎಲ್ಲ ಜಾಲಹಳ್ಳಿಗೇ. ಡಬಲ್ ಎಕ್ಸೆಲ್ ಯಾರು ಅಕ್ಕಾರ, ಸೋಮಪ್ಪನವರೇ? ನಾನು ಅವರನ್ನು ದಪ್ಪ ಮೀಸೆಯವರು ಎಂದು ಮನಸ್ಸಿನಲ್ಲಿಟ್ಟುಕೊಂಡು ಬಿಡಿಸುತ್ತಿದ್ದೇನೆ. ಉಪ್ಪಿಟ್ಟಿನ ಮಗ್ ನಾಲ್ಕು ಹೋದವು.

ಡಬ್ಬಿ ಫ್ಯಾಕ್ಟರಿಯಲ್ಲೂ ಒಂದು ಸುದ್ದಿ. ನಮ್ಮ ಲೈನಿನಲ್ಲಿ ಮೂವರನ್ನು ಕಾಯಂ ಮಾಡುತ್ತಾರಂತೆ, ಪಟ್ಟಿಯಲ್ಲಿ ನನ್ನ ಹೆಸರಿದೆ. ಹೂಂ ಎಂದು ಸಹಿ ಹಾಕಲು ಮೇ 31 ಕಡೆಯ ದಿನ. ಕಾಯಂ ಆದರೆ ಮೂರು ಪಾಳಿಯೂ ಮಾಡಬೇಕು, ಡಿಸೈನಿಗೆ ಹೊತ್ತು ಸಿಗುವುದಿಲ್ಲ. ಯೋಚನೆ ಮಾಡುತ್ತಿದ್ದೇನೆ.

ಯಮನೂರ

ಜಾಲಹಳ್ಳಿ
2 ಏಪ್ರಿಲ್ 2014

ಯಮನೂರ,

ಕಾಯಂ ಎಂದರೆ ಯೋಚನೆ ಮಾಡುವುದೇನಿದೆ? ಸಹಿ ಹಾಕು. ನಾನು ಹಾಕಿದ ದಿನ ನಮ್ಮಪ್ಪ ಹರಿಹರದಿಂದ ಪೇಡೆ ಹೊತ್ತುಕೊಂಡು ಬಂದಿದ್ದರು.

ಡಬಲ್ ಎಕ್ಸೆಲ್ ಯಾರೆಂದು ನನಗೆ ತಿಳಿಯದು. ಸೋಮಪ್ಪನವರಿಗೆ ಮೀಸೆಯೇ ಇಲ್ಲ.

ಸುಬ್ಬಲಕ್ಷ್ಮಮ್ಮ ಒಂದು ಕೇಳಿದಳು. ಅವಳಿಗೆ ಕುರ್ಚಿಯ ದಿಂಬಿನ ಕವರು ಬೇಕು. ಅದರ ಮೇಲೆ 'ಬಂದವರು ಕೂತುಕೊಳ್ಳಿ, ಅವಸರವೇನು?' ಎಂದಿರಬೇಕಂತೆ. ಅವಳ ಮನೆಯಲ್ಲಿ ನಾಲ್ಕು ಕುರ್ಚಿ ಇವೆ. ದಿನವೂ ಒರೆಸುತ್ತಾಳೆ. ಯಾರೂ ಕೂರದ ಕುರ್ಚಿಗೂ ಧೂಳು ಅಷ್ಟೇ ಕೂರುತ್ತದೆ ಎಂದಳು.

ರೇವಣಸಿದ್ದ ಹೇಗಿದ್ದಾನೆ? ಅವನ ಮಾತು ಬರೆಯುವುದನ್ನೇ ಬಿಟ್ಟೆಯಲ್ಲ.

ಚನ್ನಬಸಮ್ಮ

ಚಂದಾಪುರ
11 ಮೇ 2014

ಅಕ್ಕಾರ,

ದಿಂಬಿನ ಕವರು ಹಾಕಿದ ವಾರದಲ್ಲೇ ನಾಲ್ಕು ಹೋದವು. ಅಂಗಿಯೂ ಹನ್ನೊಂದಕ್ಕೆ ಮುಟ್ಟಿತು. ಸುಬ್ಬಲಕ್ಷ್ಮಮ್ಮ ಹೇಳಿದ್ದು ಒಬ್ಬರ ಮನಸ್ಸಿನ ಮಾತಲ್ಲ, ಜಾಲಹಳ್ಳಿಯ ಮನೆಮನೆಯ ಮಾತು ಎಂದು ನನಗೆ ಖಾತ್ರಿಯಾಯಿತು. ನನಗೆ ಆ ಜನ ಕಣ್ಣಿಗೆ ಕಟ್ಟಿದ ಹಾಗೆ ಗೊತ್ತು ಈಗ. ಅವರು ಏನು ಕೇಳುತ್ತಾರೆ ಎಂದು ಕೇಳುವ ಮೊದಲೇ ಹೊಳೆಯುತ್ತದೆ.

ತೀರ್ಮಾನ ಮಾಡಿದ್ದೇನೆ. ಕಾಯಂ ಬೇಡ. ಜಾಲಹಳ್ಳಿಯಲ್ಲಿ ನಡೆದದ್ದು ಪೀಣ್ಯದಲ್ಲಿ ನಡೆಯುವುದಿಲ್ಲವೇ, ಭದ್ರಾವತಿಯಲ್ಲಿ ನಡೆಯುವುದಿಲ್ಲವೇ? ಫ್ಯಾಕ್ಟರಿ ಇರುವ ಊರೆಲ್ಲ ನನ್ನ ಊರೇ. ಆಫೀಸಿಗೆ ಹೇಳುವ ಮೊದಲು ಒಂದು ಭಾನುವಾರ ಬಂದು ಸೋಮಪ್ಪನವರನ್ನು, ಸುಬ್ಬಲಕ್ಷ್ಮಮ್ಮನವರನ್ನು ನೋಡಿ ಹೋಗಬೇಕೆಂದಿದ್ದೇನೆ. ಇಷ್ಟು ದಿನ ಅವರಿಗಾಗಿ ಬರೆದು ಒಮ್ಮೆಯೂ ಮುಖ ನೋಡದಿದ್ದರೆ ಹೇಗೆ?

ಯಮನೂರ

ಜಾಲಹಳ್ಳಿ
16 ಮೇ 2014

ಯಮನೂರ,

ಈಗ ಬರಬೇಡ. ಸೋಮಪ್ಪನವರು ತುಮಕೂರಿಗೆ ಮಗಳ ಮನೆಗೆ ಹೋಗಿದ್ದಾರೆ, ಬರುವುದು ಜೂನ್ ಆಗುತ್ತದೆ. ಬಿಸಿಲೂ ಜಾಸ್ತಿ, ಎರಡು ಬಸ್ಸು ಬದಲಿಸಿ ಯಾಕೆ ಒದ್ದಾಡುತ್ತೀಯ.

ಕಾಯಂ ಬಿಡಬೇಡ. ನನ್ನ ಮಾತು ಕೇಳು. ಹತ್ತಿಪ್ಪತ್ತು ಅಂಗಿ ಹೋದ ಮಾತ್ರಕ್ಕೆ ಅದು ಸಂತೆಯಲ್ಲ. ಇವತ್ತು ಕೊಂಡವರು ನಾಳೆ ಕೊಳ್ಳುತ್ತಾರೆ ಎಂದು ಯಾರು ಬರೆದುಕೊಟ್ಟಿದ್ದಾರೆ? ಇಷ್ಟಕ್ಕಿಂತ ಹೆಚ್ಚು ಹೇಗೆ ಹೇಳಲಿ ತಿಳಿಯದು.

ಚನ್ನಬಸಮ್ಮ

ಜಾಲಹಳ್ಳಿ
27 ಮೇ 2014
ಸ್ಪೀಡ್ ಪೋಸ್ಟ್

ಯಮನೂರ,

ನೀನು ಉತ್ತರ ಬರೆದಿಲ್ಲ. ಕೋಪ ಬಂದಿದೆ ಎಂದುಕೊಂಡಿದ್ದೇನೆ. ಇದನ್ನು ಓದಿದ ಮೇಲೆ ಇನ್ನೂ ಬರುತ್ತದೆ, ಬರಲಿ.

ಜಾಲಹಳ್ಳಿಯಲ್ಲಿ ನಿನಗೆ ಗಿರಾಕಿಗಳಿಲ್ಲ. ನಾನೊಬ್ಬಳೇ. ಮಗ್ಗು, ಅಂಗಿ, ದಿಂಬಿನ ಕವರು ಎಲ್ಲ ನಾನೇ ಕೊಂಡದ್ದು. ಬೇರೆ ಬೇರೆ ಅಳತೆ ತರಿಸಿದ್ದು ನಿನಗೆ ಅನುಮಾನ ಬರಬಾರದೆಂದು. ಸೋಮಪ್ಪನವರು ನಮ್ಮ ಸೆಕ್ಷನ್ನಿನಲ್ಲಿದ್ದದ್ದು ನಿಜ, ಜೇಬಿನ ಮಾತೂ ಅವರದೇ, ಆದರೆ ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ಸುಬ್ಬಲಕ್ಷ್ಮಮ್ಮ ಎಂಬವಳು ಇಲ್ಲ. ಆ ನಾಲ್ಕು ಕುರ್ಚಿ ನನ್ನವು.

ಮೊದಲು ನಿನ್ನ ಖುಷಿ ಕೆಡಿಸಲು ಮನಸ್ಸು ಬರಲಿಲ್ಲ. ಆಮೇಲೆ ನಿನ್ನ ಕಾಗದಕ್ಕೆ ಕಾಯುವ ಅಭ್ಯಾಸವಾಯಿತು. "ಅವರಿಗೆ ಏನಿಷ್ಟ" ಎಂದು ನೀನು ಕೇಳಿದಾಗ, ನನಗೆ ಏನಿಷ್ಟ ಎಂದು ಕೇಳಿದ ಹಾಗಿತ್ತು. ಅದನ್ನು ಯಾರಾದರೂ ಕೇಳಿ ಎಷ್ಟೋ ವರ್ಷವಾಗಿತ್ತು ಕಣೋ. ಅಂಗಿಗಳನ್ನು ಒಗೆದು ಹೊರಗೆ ತಂತಿಗೆ ಹಾಕುತ್ತೇನೆ. ಒಂದೇ ಸೀರೆ ಒಣಗುವ ಮನೆ ಎಂದು ಬೀದಿಗೆಲ್ಲ ಗೊತ್ತು. ಅಂಗಿ ಹಾಕಿದ ದಿನ ಮನೆ ತುಂಬ ಜನ ಇದ್ದ ಹಾಗೆ ಕಾಣುತ್ತದೆ.

ನನ್ನ ಒಂಟಿತನಕ್ಕಾಗಿ ನಿನ್ನ ಅನ್ನಕ್ಕೆ ಕಲ್ಲು ಹಾಕುವ ಹಕ್ಕು ನನಗಿರಲಿಲ್ಲ. ಇನ್ನೂ ನಾಲ್ಕು ದಿನ ಇದೆ. ಹೋಗಿ ಸಹಿ ಹಾಕು.

ಚನ್ನಬಸಮ್ಮ

ಚಂದಾಪುರ
28 ಮೇ 2014

ಚನ್ನಬಸಮ್ಮನವರಿಗೆ,

ನೀವು ಬರಬೇಡ ಎಂದರೂ ಮೊನ್ನೆ ಭಾನುವಾರ ಬಂದಿದ್ದೆ. ಸೋಮಪ್ಪನವರು ಇಲ್ಲದಿದ್ದರೆ ಸುಬ್ಬಲಕ್ಷ್ಮಮ್ಮನವರಾದರೂ ಸಿಗುತ್ತಾರಲ್ಲ ಎಂದುಕೊಂಡೆ. ಮೂರನೇ ಕ್ರಾಸಿನಲ್ಲಿ ಆ ಹೆಸರಿನವರು ಯಾರೂ ಇಲ್ಲ. ಮೂಲೆಯ ಬೇಕರಿಯಲ್ಲಿ ಸೋಮಪ್ಪನವರ ಮನೆ ಕೇಳಿದೆ. "ಯಾರು, ಫ್ಯಾಕ್ಟ್ರಿ ಸೋಮಪ್ಪನೋರಾ? ಅವ್ರು ಹೋಗಿ ನಾಲ್ಕ್ ವರ್ಷ ಆಯ್ತಲ್ಲ ಗುರು" ಎಂದ.

ನಿಮ್ಮ ಮನೆಗೆ ಬಂದೆ. ಗೇಟಿಗೆ ಒಳಗಿನಿಂದ ಚಿಲಕ, ಬೀಗ. ತಂತಿಯ ಮೇಲೆ ನನ್ನ ಅಂಗಿಗಳು ಒಣಗುತ್ತಿದ್ದವು. ಸ್ಮಾಲ್‌ನಿಂದ ಡಬಲ್ ಎಕ್ಸೆಲ್‌ವರೆಗೆ ಹನ್ನೊಂದು. ಜಗುಲಿಯ ಮೇಲೆ ನೀವು ನನಗೆ ಬೆನ್ನು ಮಾಡಿ ಬೆಳ್ಳುಳ್ಳಿ ಬಿಡಿಸುತ್ತಿದ್ದಿರಿ. ಅಕ್ಕಾರ ಎಂದು ಆರು ಸಲ ಕೂಗಿದೆ. ಬೀದಿಯವರೆಲ್ಲ ನನ್ನನ್ನು ನೋಡಿದರು, ನೀವು ನೋಡಲಿಲ್ಲ. ಬಸ್ಸು ಹತ್ತಿ ಬಂದೆ.

ಅವರನ್ನು ನೋಡಿದ ಮೇಲೆ ಹೇಳುತ್ತೇನೆ ಎಂದಿದ್ದವನು ಆತುರಪಟ್ಟು ಅದರ ಹಿಂದಿನ ದಿನವೇ, ಶನಿವಾರ, ಆಫೀಸಿನಲ್ಲಿ ಕಾಯಂ ಬೇಡ ಎಂದು ಹೇಳಿದ್ದೆ. ಸೋಮವಾರ ಹೋಗಿ ಕೈಕಾಲು ಹಿಡಿದೆ. ನನ್ನ ಜಾಗಕ್ಕೆ ಬೇರೆಯವನ ಹೆಸರು ಬರೆದಾಗಿತ್ತು. ಇನ್ನೊಂದು ವರ್ಷ ಕಾಂಟ್ರಾಕ್ಟು, ಅದೂ ಅವರ ದಯೆ.

ರೇವಣಸಿದ್ದನ ಬಗ್ಗೆ ಕೇಳಿದ್ದಿರಿ. ಅವನು ಫೆಬ್ರವರಿಯಲ್ಲೇ ಊರಿಗೆ ಹೋದ. ಆವಾಗಿನಿಂದ ನಾನೊಬ್ಬನೇ ಇದ್ದೇನೆ. ಕೆಲಸದಿಂದ ಬಂದು ಕಂಪ್ಯೂಟರ್ ಹಚ್ಚಿ, ಜಾಲಹಳ್ಳಿಯ ಪಿನ್‌ಕೋಡ್ ಬಂದಿದೆಯೇ ಎಂದು ನೋಡುವುದೊಂದೇ ನನ್ನ ಸಂಜೆಯಾಗಿತ್ತು. ಅಷ್ಟೂ ಜನ ನನ್ನವರು ಎಂದುಕೊಂಡಿದ್ದೆ.

ಸದ್ಯ ಬರೆಯಲಾರೆ.

ಯಮನೂರ

ಜಾಲಹಳ್ಳಿ
6 ಜುಲೈ 2014

ಯಮನೂರ,

ನಮ್ಮ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋದವು. ನಿನ್ನದನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಕ್ಷಮಿಸು ಎಂದು ಬರೆಯಲು ಕೂತೆ. ನೀನು ಕಳೆದುಕೊಂಡದ್ದರ ಮುಂದೆ ಆ ಮಾತು ಬಹಳ ಸಣ್ಣದಾಗಿ ಕಂಡಿತು.

ಈಚೆಗೆ ನಾನು ಏನೂ ಕೊಂಡಿಲ್ಲ. ಗೇಟಿಗೆ ಬೀಗ ಹಾಕುವುದನ್ನು ಬಿಟ್ಟಿದ್ದೇನೆ.

ಚನ್ನಬಸಮ್ಮ

ಚಂದಾಪುರ
17 ಆಗಸ್ಟ್ 2014

ಅಕ್ಕಾರ,

ಕೋಪ ಪೂರ್ತಿ ಹೋಗಿಲ್ಲ. ಆದರೂ ಕೈ ಸುಮ್ಮನಿರಲಿಲ್ಲ.

ಅವತ್ತು ಗೇಟಿನ ಹೊರಗೆ ನಿಂತಾಗ ನನ್ನ ಸಿಟ್ಟಿಗೆ ನೀವು ತಿರುಗಿ ನೋಡದಿದ್ದದ್ದೂ ಒಂದು ಕಾರಣವಾಗಿತ್ತು. ಬಸ್ಸಿನಲ್ಲಿ ಬರುವಾಗ ಹೊಳೆಯಿತು, ಎಲ್ಲರೂ ಹೀಗೇ ಬೆನ್ನಿಗೆ ಕೂಗಿ ಹೋಗುತ್ತಾರೆ. ಯಾರಿಗೆ ಎಂದು ಗೊತ್ತಿಲ್ಲದೆ ಮಾಡಬಾರದು ಎನ್ನುತ್ತಾರಲ್ಲ, ಈ ಸಲ ಯಾರಿಗೆ ಎಂದು ಗೊತ್ತಿದ್ದೇ ಮಾಡಿದ್ದೇನೆ. ಜೊತೆಯ ಪಾರ್ಸೆಲ್ ಬಿಚ್ಚಿ. ಹೆಗಲಿಗೆ ಹಾಕುವ ಬಟ್ಟೆಯ ಚೀಲ. ಬೆನ್ನ ಕಡೆಗೆ ತಿರುಗಿಸಿ ಹಾಕಬೇಕು. ವೆಬ್‌ಸೈಟಿನಲ್ಲೂ ಇಟ್ಟಿದ್ದೇನೆ, ಆದರೆ ನೀವು ಕೊಳ್ಳಬೇಡಿ.

ಯಮನೂರ

ಜಾಲಹಳ್ಳಿ
4 ಸೆಪ್ಟೆಂಬರ್ 2014

ಯಮನೂರ,

ಚೀಲ ಬಿಚ್ಚಿದವಳೇ ಮಡಿಸಿ ಬೀರುವಿಗೆ ತುರುಕಿದೆ. 'ಹಿಂದಿನಿಂದ ಕೂಗಬೇಡಿ, ನನಗೆ ಕೇಳಿಸದು. ಎದುರಿಗೆ ಬನ್ನಿ, ಮಾತಾಡೋಣ.' ಇಷ್ಟು ದೊಡ್ಡ ಅಕ್ಷರದಲ್ಲಿ! ಫ್ಯಾಕ್ಟರಿಯಲ್ಲಿ ಹತ್ತು ವರ್ಷ ಕೇಳಿಸಿದವಳ ಹಾಗೆ ತಲೆ ಅಲ್ಲಾಡಿಸಿ ಮುಚ್ಚಿಟ್ಟದ್ದನ್ನು ನೀನು ಬೋರ್ಡು ಬರೆದು ನನ್ನ ಬೆನ್ನಿಗೇ ಹಾಕುತ್ತೀಯ ಎಂದು ಸಿಟ್ಟು ಬಂತು. ನಿನಗೆ ಬೈದು ಒಂದು ಕಾಗದವನ್ನೂ ಬರೆದೆ. ಅದನ್ನು ಹಾಕಲಿಲ್ಲ.

ನಿನ್ನೆ ಗಂಗಮ್ಮ ಸರ್ಕಲ್ಲಿಗೆ ತರಕಾರಿಗೆ ಹೋಗುವಾಗ ಹೆಗಲಿಗೆ ಹಾಕಿಕೊಂಡೆ. ಹೋಗುವ ದಾರಿಯಲ್ಲಿ ಏನೂ ಆಗಲಿಲ್ಲ. ತರಕಾರಿಯವನು ಓದಿ ನಕ್ಕ, ಬೆಲೆಯನ್ನು ಬೆರಳಲ್ಲಿ ತೋರಿಸಿದ. ವಾಪಸು ಬರುವಾಗ ಬಸ್‌ಸ್ಟಾಪಿನಲ್ಲಿ ಒಬ್ಬ ಹೆಂಗಸು ಹಿಂದಿನಿಂದ ಸುತ್ತು ಹಾಕಿ ಬಂದು ನನ್ನ ಎದುರಿಗೆ ನಿಂತಳು. ಏನೋ ಹೇಳಿದಳು, ತಿಳಿಯಲಿಲ್ಲ. ಮತ್ತೆ ಹೇಳಿದಳು. ಮೂರನೇ ಸಲಕ್ಕೆ ತುಟಿ ನೋಡಿ ಗೊತ್ತಾಯಿತು. "ಈ ಬ್ಯಾಗ್ ಎಲ್ಲಿ ತಗೊಂಡ್ರಿ ಆಂಟಿ? ನಮ್ಮತ್ತೆಗೂ ಕಿವಿ ಕೇಳ್ಸಲ್ಲ, ಆಚೆಗೇ ಬರಲ್ಲ ಅಂತಾರೆ." ವೆಬ್‌ಸೈಟಿನ ಹೆಸರು ತರಕಾರಿ ಚೀಟಿಯ ಹಿಂದೆ ಬರೆದುಕೊಟ್ಟೆ. ನನ್ನ ಕಿವಿ ಹೇಗೆ ಹೋಯಿತು ಎಂದು ಕೇಳಿದಳು. ಪ್ರೆಸ್ ಶಾಪಿನ ಕಥೆ ಹೇಳಿದೆ. ಪೂರ್ತಿ ಕೇಳಿದಳು.

ಅವಳು ಕೊಳ್ಳುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಪುಟದಲ್ಲಿ ಜಾಲಹಳ್ಳಿಗೆ ಒಂದು ಚೀಲ ಹೋದದ್ದು ಕಂಡರೆ, ಅದು ನಾನಲ್ಲ. ಅವಳ ಹೆಸರು ಕೇಳಬೇಕೆನ್ನುವಷ್ಟರಲ್ಲಿ ಬಸ್ಸು ಬಂತು, ಹತ್ತಿ ಹೋದಳು. ಅದಕ್ಕೇ ಈ ಕಾಗದದಲ್ಲಿ ಅವಳಿಗೆ ಹೆಸರಿಲ್ಲ.

ಚನ್ನಬಸಮ್ಮ